ಮುಕ್ಕಾಲು ಇಂಚಿನ ಹೊಲಿಗೆ

ಬಾಥೆಲ್, ಅಮೆರಿಕ,
ಮಂಗಳವಾರ, ೧೯ ಆಗಸ್ಟ್ ೨೦೨೫

ಪ್ರೀತಿಯ ಗೌರಾ,

ನೀನು ಹೊರಟು ಇಪ್ಪತ್ತಮೂರು ದಿನವಾಯಿತು. ಮಂಡಿನೋವು ಹೇಗಿದೆ? ಜಾನಕಿಗೆ ಸೊಂಟದ ಆಪರೇಷನ್ ಆಗಿದೆ, ಅವಳು ಮಲಗಿರಬೇಕು, ನೀನು ಓಡಾಡಬೇಕು, ಅದೆಲ್ಲ ಸರಿ. ಆದರೆ ತಂಗಿಯ ಮೇಲಿನ ಅಕ್ಕರೆಗೆ ದಿನಕ್ಕೆ ಹತ್ತು ಸಲ ಆ ಮಹಡಿ ಮೆಟ್ಟಿಲು ಹತ್ತಿಳಿದು ನೀನೂ ಪಕ್ಕದ ಮಂಚ ಹಿಡಿದರೆ ನಿಮ್ಮಿಬ್ಬರಿಗೂ ಗಂಜಿ ಕಾಯಿಸುವವರು ಯಾರು? ಬಿ.ಪಿ. ಮಾತ್ರೆ ತಿಂಡಿಯಾದ ಮೇಲೆ, ಮುಂಚೆ ಅಲ್ಲ. ನನ್ನ ಬಗ್ಗೆ ಕೇಳಿದರೆ, ಶರೀರ ಚೆನ್ನಾಗಿದೆ. ಸಕ್ಕರೆ ನೂರಾ ನಲವತ್ತರಲ್ಲಿದೆ. ಬೆಳಿಗ್ಗೆ ಪೂಜೆ ಮುಗಿಸಿ ಕೆರೆಯ ಕಡೆಗೆ ಅರ್ಧ ಗಂಟೆ ನಡೆಯುತ್ತೇನೆ. ಮೊನ್ನೆ ನಿನ್ನ ಮಗಳು ವಿಜಯಾ ನಿನ್ನ ಹಾಗೆ ಎಣ್ಣೆಗಾಯಿ ಮಾಡುತ್ತೇನೆಂದು ಹೊರಟು ಬದನೆಕಾಯಿಯನ್ನು ಬೂದಿ ಮಾಡಿದಳು. ನಾನು ಚೆನ್ನಾಗಿದೆ ಕಣಮ್ಮ ಎಂದು ಎರಡು ಸಲ ಹಾಕಿಸಿಕೊಂಡೆ. ನೀನು ಸುಟ್ಟಿದ್ದರೆ ಅನ್ನುತ್ತಿರಲಿಲ್ಲ, ನಿಜ.

ದಿನಾ ಫೋನಿನಲ್ಲಿ ಮಾತಾಡುವ ಗಂಡ ಇದ್ದಕ್ಕಿದ್ದ ಹಾಗೆ ಕಾಗದ ಬರೆದಿದ್ದಾನಲ್ಲ ಎಂದು ಹೆದರಬೇಡ. ಎಲ್ಲರೂ ಕೈಕಾಲು ನೆಟ್ಟಗಿಟ್ಟುಕೊಂಡೇ ಇದ್ದೇವೆ. ಫೋನಿನಲ್ಲಿ ಹೇಳಲಾಗದ ಮಾತು, ಅದಕ್ಕೆ. ಇಲ್ಲಿ ವಿಜಯಾ ಫೋನನ್ನು ಅಡುಗೆಮನೆಯ ಕಟ್ಟೆ ಮೇಲಿಟ್ಟು ಸ್ಪೀಕರ್ ಹಾಕುತ್ತಾಳೆ, ಅಲ್ಲಿ ಜಾನಕಿಯ ಸೊಸೆ ಮಂಚದ ಮೇಲಿಟ್ಟು ಸ್ಪೀಕರ್ ಹಾಕುತ್ತಾಳೆ. ನಾನು ಕೆಮ್ಮಿದರೂ ಎರಡು ಮನೆಗೆ ಗೊತ್ತಾಗುತ್ತದೆ. ಪಕ್ಕದ ಬೀದಿಯ ಕಲ್ಮೇಶ್, ಅದೇ ಓವರ್‌ಲೇಕ್‌ನ ಆಫೀಸಿನಲ್ಲಿ ಕೆಲಸ ಮಾಡುತ್ತಾನಲ್ಲ ಅವನು, ಇವತ್ತು ಸಂಜೆ ಊರಿಗೆ ಹೊರಟಿದ್ದಾನೆ. ಶನಿವಾರ ಮೈಸೂರಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಬಂದವನಿಗೆ ಕಾಫಿ ಕೊಡು. ಕಾಗದವನ್ನು ಮಾತ್ರ ಅವನ ಎದುರಿಗೆ ಒಡೆಯಬೇಡ. ಕೋಣೆಯ ಬಾಗಿಲು ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ಓದು.

ವಿಷಯ ಜಾಹ್ನವಿಯದು. ನಿನ್ನ ಮೊಮ್ಮಗಳು ಕಾರ್ ರೇಸ್ ಓಡಿಸುತ್ತಾಳೆಂದು ಜಾನಕಿಯ ಬೀಗರಿಗೆ ನೀನು ಇನ್ನೂ ಹೇಳಿಲ್ಲವಂತೆ. "ಕಾರಿನ ವಿಷಯ ಏನೋ ಓದ್ತಿದಾಳೆ" ಎಂದು ತೇಲಿಸಿಬಿಟ್ಟೆಯಂತೆ. ಇಪ್ಪತ್ತೊಂದು ವರ್ಷದ ಹುಡುಗಿ ತಲೆಗೆ ಹೆಲ್ಮೆಟ್ ಹಾಕಿಕೊಂಡು ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಾಳೆಂದರೆ ಗಂಡು ಸಿಗುವುದಿಲ್ಲ ಎನ್ನುವುದು ನಿನ್ನ ಭಯ. ಇರಲಿ. ನೀನು ಇಲ್ಲಿದ್ದಾಗಲೇ ಈ ವರ್ಷದ ಆರು ರೇಸು ಮುಗಿದಿದ್ದವು, ಅವಳ ಟೀಮಿನ ಯಜಮಾನ, ನಾನು ಕೆಂಪುಗಡ್ಡ ಅನ್ನುತ್ತೇನಲ್ಲ ಅವನು, ಏನು ಹೇಳಿದ್ದನೆಂದು ನಿನಗೂ ಗೊತ್ತು. ಇದು ಹವ್ಯಾಸದವರ ರೇಸಲ್ಲ, ಸಂಬಳ ಪಡೆದು ಓಡಿಸುವವರ ರೇಸು. ಇದರಲ್ಲಿ ಒಂದೇ ಒಂದು ಸಲ ಮೊದಲ ಮೂವರಲ್ಲಿ ಬಂದು ತೋರಿಸು, ಮುಂದಿನ ವರ್ಷ ದೊಡ್ಡ ರೇಸುಗಳ ಕಾರಿನಲ್ಲಿ ಕೂರಿಸುತ್ತೇನೆ ಎಂದಿದ್ದ. ಆರರಲ್ಲಿ ಅವಳು ಏಳನೆಯವಳೋ ಒಂಬತ್ತನೆಯವಳೋ ಆಗಿ ಬರುತ್ತಿದ್ದಳು. ಏಳನೆಯ ರೇಸು ಕಳೆದ ಭಾನುವಾರ, ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಕೆಂಟ್‌ನಲ್ಲಿ. ತನ್ನ ಊರಿನ ಟ್ರ್ಯಾಕು, ಹದಿನಾರನೇ ವಯಸ್ಸಿನಿಂದ ಓಡಿಸಿದ ರಸ್ತೆ, ಇಲ್ಲಿ ಆಗದಿದ್ದರೆ ಇನ್ನೆಲ್ಲೂ ಆಗುವುದಿಲ್ಲ ಎಂದು ಎರಡು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ ಹುಡುಗಿ.

ಊಟ ಮಾಡದೆ ಇಳಿದುಹೋದಳು, ಇಳಿದುಹೋಗಿದ್ದಕ್ಕೆ ಬಟ್ಟೆ ಸಡಿಲವಾಯಿತು. ನಮ್ಮ ಕಷ್ಟ ಶುರುವಾಗಿದ್ದು ಅಲ್ಲಿಂದ. ಅವಳು ರೇಸಿಗೆ ಹಾಕಿಕೊಳ್ಳುವ ಸೂಟು ಗೊತ್ತಲ್ಲ, ಕುತ್ತಿಗೆಯಿಂದ ಪಾದದವರೆಗೆ ಒಂದೇ ಬಟ್ಟೆ, ನೀಲಿ ಬಣ್ಣದ್ದು, ಮೂರು ಪದರ. ಶನಿವಾರ ಯಾರು ಮುಂದೆ ನಿಲ್ಲಬೇಕು ಯಾರು ಹಿಂದೆ ಎಂದು ಗೊತ್ತುಮಾಡುವ ಓಟ ಇತ್ತು. ಅದರಲ್ಲಿ ಎಂಟನೆಯವಳಾಗಿ ಮನೆಗೆ ಬಂದಳು. ಬಂದವಳು ಸೊಂಟ ನೀವಿಕೊಳ್ಳುತ್ತಾ, ಬೆನ್ನಿನ ಹತ್ತಿರ ಬಟ್ಟೆ ಮಡಿಕೆ ಬಿದ್ದು ಸೀಟಿನ ಪಟ್ಟಿಯ ಕೆಳಗೆ ಒತ್ತುತ್ತದೆ, ತಿರುವಿನಲ್ಲಿ ಗಮನ ಅಲ್ಲಿಗೇ ಹೋಗುತ್ತದೆ ಎಂದು ಅವರಪ್ಪ ಜಯಂತನ ಹತ್ತಿರ ಹೇಳುತ್ತಿದ್ದಳು. ನಾನು ಹಾಲ್‌ನಲ್ಲಿ ಕೂತು ಕೇಳಿಸಿಕೊಂಡೆ. ಶಿವರಾಂಪೇಟೆಯಲ್ಲಿ ನಲವತ್ತಾರು ವರ್ಷ ಕತ್ತರಿ ಹಿಡಿದವನು ನಾನು. ಮೂರು ಜನ ಎಸ್ಪಿಗಳ ಖಾಕಿಗೆ ಫಿಟಿಂಗ್ ಕೊಟ್ಟ ಕೈ ಇದು. ನನ್ನ ಸ್ವಂತ ಮೊಮ್ಮಗಳ ಬೆನ್ನ ಮೇಲೆ ಮಡಿಕೆ ಬಿದ್ದು ಅವಳು ಎಂಟನೆಯವಳಾಗಬೇಕೇ? "ಕೊಡು ಮಗಾ, ಎರಡು ನಿಮಿಷದ ಕೆಲಸ" ಎಂದೆ. "ನೋ ನೋ ತಾತ, ಅದನ್ನ ಟಚ್ ಮಾಡೋ ಹಾಗಿಲ್ಲ, ಅದು ಸ್ಪೆಷಲ್" ಎಂದು ನಕ್ಕು, ಸೂಟನ್ನು ಒಗೆಯುವ ಕೋಣೆಯಲ್ಲಿ ನೇತುಹಾಕಿ, ಟೀಮಿನ ಮೀಟಿಂಗಿಗೆ ಹೋದಳು. ವಿಜಯಾನೂ ಜಯಂತನೂ ಸಾಮಾನು ತರಲು ಹೋದರು.

ಸ್ಪೆಷಲ್ ಎಂದರೆ ನಾನು ಏನು ತಿಳಿದುಕೊಳ್ಳಬೇಕು ಹೇಳು? ದುಬಾರಿ ಬಟ್ಟೆ, ಯಾರಾದರೂ ಕೈಯಿಟ್ಟು ಕೆಡಿಸಿಯಾರು ಎಂದು ಹೆದರುತ್ತಾಳೆ ಎಂದುಕೊಂಡೆ. ಮದುವೆ ಮನೆಯ ರೇಷ್ಮೆ ಸೂಟು ತಂದವರೆಲ್ಲ ಹಾಗೇ ಹೇಳುತ್ತಿದ್ದರಲ್ಲ ಅಂಗಡಿಯಲ್ಲಿ. ಅಲ್ಲದೆ ಈ ಮನೆಗೆ ಬಂದಾಗಿನಿಂದ ನಾನು ಮಾಡುತ್ತಿರುವುದಾದರೂ ಏನು? ಜಯಂತನ ಪ್ಯಾಂಟು ಕತ್ತರಿಸಿದೆ, ವಿಜಯಾಳ ಕುರ್ತಾ ಹಿಡಿದೆ, ಪಕ್ಕದ ಮನೆಯ ಚೀನಾದವಳ ಕೋಟಿನ ತೋಳು ಗಿಡ್ಡ ಮಾಡಿದೆ. ಇಲ್ಲಿ ರೆಡಿಮೇಡ್ ತರುತ್ತಾರೆ, ನಾನು ಮೈಗೆ ಸರಿಯಾಗಿ ಮಾಡಿಕೊಡುತ್ತೇನೆ. ಮಾತು ಬರದ ದೇಶದಲ್ಲಿ ನನಗೆ ಗೊತ್ತಿರುವುದು ಅದೊಂದೇ. ಒಳಗಿನಿಂದ ತಿರುಗಿಸಿ, ಎರಡು ಪಕ್ಕದಲ್ಲೂ ಮುಕ್ಕಾಲು ಮುಕ್ಕಾಲು ಇಂಚು ಹಿಡಿದು, ಬೆನ್ನಿನ ಸಡಿಲ ಬಟ್ಟೆ ಒಳಕ್ಕೆ ಮಡಿಸಿ ಒಂದು ಡಾಟ್ ಕೊಟ್ಟೆ. ನೀಲಿ ಪಾಲಿಯೆಸ್ಟರ್ ದಾರ, ಬಣ್ಣ ಎಷ್ಟು ಕೂಡಿತು ಎಂದರೆ ನನಗೇ ಹೊಲಿಗೆ ಹುಡುಕಬೇಕಾಯಿತು. ಇಸ್ತ್ರಿ ಮಾಡಿ, ಇದ್ದ ಜಾಗದಲ್ಲೇ ನೇತುಹಾಕಿದೆ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಬೆಳಿಗ್ಗೆ ಹಾಕಿಕೊಂಡಾಗ ಎಷ್ಟು ಖುಷಿಪಡುತ್ತಾಳೋ ಎಂದು ಒಬ್ಬನೇ ಕೂತು ನಗುತ್ತಿದ್ದೆ, ದಡ್ಡ.

ಭಾನುವಾರ ಟ್ರ್ಯಾಕಿನಲ್ಲಿ ಅವಳು ಟೀಮಿನ ಲಾರಿಯೊಳಗೆ ಹೋಗಿ ಸೂಟು ಹಾಕಿಕೊಂಡು ಈಚೆ ಬಂದಳು. ಏನು ಕೂತಿತ್ತು ಗೌರಾ, ನೀನು ನೋಡಬೇಕಿತ್ತು. ಒಂದು ಸುಕ್ಕಿಲ್ಲ. ಅವಳು ಸೊಂಟದ ಪಕ್ಕ ಕೈಯಾಡಿಸಿದಳು, ಬೆರಳು ಹೊಲಿಗೆಯ ಮೇಲೆ ನಿಂತಿತು. ನನ್ನನ್ನು ನೋಡಿದಳು. ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ಆಮೇಲೆ, "ಪರ್ಫೆಕ್ಟ್, ತಾತ" ಎಂದು ನನ್ನ ಕೆನ್ನೆ ಹಿಂಡಿ ಕಾರಿನ ಕಡೆಗೆ ಹೋದಳು. ಓಟಕ್ಕೆ ಹತ್ತು ನಿಮಿಷವೋ ಹನ್ನೆರಡು ನಿಮಿಷವೋ ಇತ್ತು, ಇನ್ನೊಂದು ಸೂಟು ತಂದಿರಲಿಲ್ಲ. ಆಗ ಅವಳಿಗೆ ಪೂರ್ತಿ ಅರ್ಥವಾಗಿತ್ತೋ, ಅರ್ಥವಾಗಿಯೂ ನನ್ನ ಮುಖ ನೋಡಿ ಸುಮ್ಮನಾದಳೋ, ಕೇಳುವ ಧೈರ್ಯ ಇನ್ನೂ ನನಗಿಲ್ಲ.

ಇಪ್ಪತ್ತೆರಡು ಕಾರು, ಮೂವತ್ತು ಸುತ್ತು. ಶುರುವಾದಾಗ ಆ ಸದ್ದಿಗೆ ಎದೆಯೊಳಗಿನ ಎಲುಬು ನಡುಗುತ್ತದೆ, ನಿನಗೆ ಗೊತ್ತು, ನೀನು ಕಿವಿಗೆ ಹತ್ತಿ ಇಟ್ಟುಕೊಂಡರೂ ತಡೆಯಲಾರದೆ ಕಾರ್ ಪಾರ್ಕಿಂಗಿಗೆ ಓಡಿಹೋದವಳು. ನಮ್ಮವಳು ಎಂಟರಿಂದ ಏಳಾದಳು, ಹತ್ತನೆಯ ಸುತ್ತಿಗೆ ಆರು, ಹದಿನೈದಕ್ಕೆ ಐದು. ಜಯಂತ ಬೇಲಿ ಹಿಡಿದು ಎಗರುತ್ತಿದ್ದ, ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ಮೀಟಿಂಗ್ ಮಾಡುವ ಮನುಷ್ಯ ಇವನೇನಾ ಎನ್ನಬೇಕು ಹಾಗೆ. ನಾನೂ ಕೂಗಿದೆ. ನನ್ನ ಹೊಲಿಗೆಯಿಂದಲೇ ಮೂರು ಸ್ಥಾನ ಮೇಲೆ ಬಂದಳು ಎಂದು ಮನಸ್ಸಿನಲ್ಲಿ ಬೀಗಿದೆ. ಹತ್ತೊಂಬತ್ತನೆಯ ಸುತ್ತಿನಲ್ಲಿ ಮರಗಳ ಹತ್ತಿರದ ಇಳಿಜಾರಿನಲ್ಲಿ ಒಂದು ಹಳದಿ ಕಾರು ಗೋಡೆಗೆ ಬಡಿದು, ತಿರುಗಿ ನಿಂತು, ಭಗ್ ಎಂದು ಹತ್ತಿಕೊಂಡಿತು. ಶಿವನೇ! ನಮ್ಮ ಕಾರು ನೀಲಿ ಎಂದು ಗೊತ್ತಿದ್ದರೂ ಬೇಲಿಯ ಮೇಲೆ ಬಾಗಿ ನೀಲಿ ಕಾರು ಎಲ್ಲಿದೆ ಎಂದು ಹುಡುಕಿದೆ. ಓಡಿಸುತ್ತಿದ್ದವನು ಬೆಂಕಿಯ ನಡುವಿನಿಂದಲೇ ಎದ್ದು ಈಚೆ ಬಂದ, ಹುಲ್ಲಿನ ಮೇಲೆ ಹತ್ತು ಹೆಜ್ಜೆ ಓಡಿ ಕೂತ, ಕೈಗವಸು ತೆಗೆದು ಬೀಸಿದ. ಜನ ಚಪ್ಪಾಳೆ ಹೊಡೆದರು. ತೋಳೆಲ್ಲ ಕಪ್ಪಾಗಿತ್ತು, ಮೈಗೆ ಏನೂ ಆಗಿರಲಿಲ್ಲ. ನಾನು ಜಯಂತನನ್ನು ಕೇಳಿದೆ, ಅದು ಹೇಗೆ ಬದುಕಿದನಪ್ಪಾ? ಅವನು ಟ್ರ್ಯಾಕಿನಿಂದ ಕಣ್ಣು ತೆಗೆಯದೆ ಹೇಳಿದ, "ಆ ಸೂಟೇ ಹಂಗೆ ಮಾವ, ಬೆಂಕಿ ಹತ್ತಲ್ಲ. ಬಟ್ಟೆ ಅಷ್ಟೇ ಅಲ್ಲ, ಜಿಪ್ಪು, ದಾರ, ಪ್ರತಿಯೊಂದೂ ಟೆಸ್ಟ್ ಮಾಡಿರ್ತಾರೆ."

ದಾರ. ಗೌರಾ, ನೀನೂ ನನ್ನ ಜೊತೆ ಅಂಗಡಿಯಲ್ಲಿ ಕಾಜ ಹಾಕಿದವಳು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾಲಿಯೆಸ್ಟರ್ ದಾರಕ್ಕೆ ಬೆಂಕಿಕಡ್ಡಿ ತೋರಿಸಿದರೆ ಏನಾಗುತ್ತದೆ? ಕರಗಿ ಮಣಿಯಾಗುತ್ತದೆ, ಬೆರಳಿಗೆ ಅಂಟಿದರೆ ಚರ್ಮ ಕಿತ್ತುಕೊಂಡೇ ಬರುತ್ತದೆ. ಜೀವನಪೂರ್ತಿ ದಾರದ ತುದಿಯನ್ನು ಹಾಗೇ ಸುಟ್ಟು ಗಂಟು ಮಾಡಿದವನು ನಾನು. ಅಂಥ ದಾರವನ್ನು ಆ ಮಗುವಿನ ಸೊಂಟದ ಸುತ್ತ ಕೈಯಾರೆ ಹೊಲಿದು, ಇಸ್ತ್ರಿ ಮಾಡಿ, ಕಾರಿನೊಳಗೆ ಕಳಿಸಿದ್ದೆ. ಇನ್ನೂ ಹನ್ನೊಂದು ಸುತ್ತು ಬಾಕಿ. ಆ ಕಾರನ್ನು ಎಳೆದು ತೆಗೆಯುವವರೆಗೆ ಎಲ್ಲರೂ ನಿಧಾನವಾಗಿ ಒಬ್ಬರ ಹಿಂದೊಬ್ಬರು ನಾಲ್ಕು ಸುತ್ತು ಬಂದರು. ಆಗಲಾದರೂ ನಾನು ಹೋಗಿ ಕೆಂಪುಗಡ್ಡನ ಕೈ ಹಿಡಿದು ಅವಳನ್ನು ಒಳಗೆ ಕರೆಸು ಎನ್ನಬಹುದಿತ್ತು. ಅವನ ಕಿವಿ ಮೇಲೆ ಯಂತ್ರ, ಬಾಯಿ ಮುಂದೆ ಯಂತ್ರ, ಅವನು ಅವಳ ಜೊತೆಯೇ ಮಾತಾಡುತ್ತಿದ್ದ. ಎರಡು ಹೆಜ್ಜೆ ಹೋದೆ. ಏನೆಂದು ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ? ಜಯಂತನ ತೋಳು ಹಿಡಿದೆ. "ನೋಡಿ ಮಾವ ನೋಡಿ, ಈಗ ಬಿಡ್ತಾರೆ!" ಎಂದು ಅವನು ನನ್ನ ಕೈಯನ್ನೇ ಅದುಮಿದ. ಅಷ್ಟರಲ್ಲಿ ಹಸಿರು ಬಾವುಟ ಬೀಸಿದರು. ನಂಜುಂಡೇಶ್ವರಾ, ಅವಳ ಇಂಜಿನ್ ಕೆಟ್ಟು ನಿಲ್ಲಲಿ, ಚಕ್ರ ತೂತಾಗಲಿ, ಕೊನೆಯವಳಾಗಿ ಬರಲಿ, ಬಂದರೆ ಸಾಕು ಎಂದು ಬೇಡಿಕೊಂಡೆ. ಅವಳು ಒಂದೇ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿದಳು. ಉಳಿದ ಏಳು ಸುತ್ತು ಆ ಮೂರನೆಯ ಜಾಗವನ್ನು ಬಿಡಲಿಲ್ಲ. ಬಾವುಟ ಬಿದ್ದಾಗ ಜಯಂತ ನನ್ನನ್ನು ಎತ್ತಿ ತಿರುಗಿಸಿದ, ನಾನು ಅಳುತ್ತಿದ್ದೆ, ಸಂತೋಷಕ್ಕೆ ಎಂದುಕೊಂಡ.

ಮೂರನೆಯ ಮೆಟ್ಟಿಲ ಮೇಲೆ ನಿಂತು ಬಟ್ಟಲು ಎತ್ತಿದಳು. ಗೋಡೆಗೆ ಫಲಿತಾಂಶದ ಹಾಳೆ ಅಂಟಿಸಿದರು, ಮೂರನೆಯ ಸಾಲಿನಲ್ಲಿ ಅವಳ ಹೆಸರು. ವಿಜಯಾ ಅದರ ಫೋಟೋ ತೆಗೆದು ನಿನಗೆ ಕಳಿಸಿದ್ದಳಲ್ಲ, ಅದೇ. ಆಮೇಲೆ ನಿನಗೆ ಏನೂ ಕಳಿಸಲಿಲ್ಲ, ನೀನು ಕೇಳಿದಾಗಲೆಲ್ಲ ಮಾತು ತಪ್ಪಿಸಿದಳು. ಗೆದ್ದ ಮೂವರ ಕಾರನ್ನೂ ಬಟ್ಟೆಯನ್ನೂ ತಪಾಸಣೆ ಮಾಡುವುದು ಇಲ್ಲಿನ ಪದ್ಧತಿ. ಮಾಡಿದವಳು ನನ್ನ ವಯಸ್ಸಿನ ಹೆಂಗಸು, ಕನ್ನಡಕಕ್ಕೆ ಸರ ಕಟ್ಟಿಕೊಂಡಿದ್ದಳು. ಸೂಟನ್ನು ಒಳಮೈ ತಿರುಗಿಸಿ ಮೇಜಿನ ಮೇಲೆ ಹಾಸಿ, ಹೊಲಿಗೆ ಹಿಡಿದು ಬೆರಳಿನಲ್ಲೇ ಬಂದಳು, ಕಸುಬು ಬಲ್ಲವರು ಬರುವ ಹಾಗೆ. ನನ್ನ ಹೊಲಿಗೆಯ ಹತ್ತಿರ ಬೆರಳು ನಿಂತಿತು. ಒಂದು ಎಳೆ ಕಿತ್ತು ಲೈಟರಿನ ಮೇಲೆ ಹಿಡಿದಳು. ಅದು ಮಣಿಯಾಯಿತು. ಹೊಲಿದದ್ದು ಯಾರೋ, ಕೆಲಸ ಮಾತ್ರ ಬಹಳ ನೀಟಾಗಿದೆ ಎಂದಳಂತೆ. ಜಯಂತ ನನಗೆ ಅನುವಾದ ಮಾಡಿ ಹೇಳಿದ. ಅಂಥ ಹೊಗಳಿಕೆ ನನ್ನ ಶತ್ರುವಿಗೂ ಬೇಡ.

ಅಧಿಕಾರಿಗಳ ಕೋಣೆಗೆ ಕರೆದರು. ಒಳಗೆ ಹೋಗುವ ಮುಂಚೆ ಜಾಹ್ನವಿ ನನ್ನನ್ನು ಲಾರಿಯ ಹಿಂದಕ್ಕೆ ಎಳೆದುಕೊಂಡು ಹೋದಳು. ನಾನೂ ಬರುತ್ತೇನೆ, ನಾನೇ ಹೇಳುತ್ತೇನೆ ಎಂದೆ. ಅವಳು ನನ್ನ ಬಲಗೈ ಹಿಡಿದು, ಬೆವರಿನಿಂದ ಒದ್ದೆಯಾದ ತನ್ನ ತಲೆ ಮೇಲೆ ಇಟ್ಟುಕೊಂಡಳು. "ತಾತ, ನನ್ನ ಮೇಲೆ ಆಣೆ. ಯಾರಿಗೂ ಹೇಳಬಾರದು. ಅಮ್ಮಂಗೂ. ಅವರು ನಿನ್ನ ಕೂರಿಸ್ಕೊಂಡು ಕ್ವೆಶ್ಚನ್ಸ್ ಕೇಳ್ತಾರೆ, ಐ ಡೋಂಟ್ ವಾಂಟ್ ದಟ್." ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿಗೆ ಆಣೆಯ ಮಾತು ಮಾತ್ರ ಶುದ್ಧವಾಗಿ ಬರುತ್ತದೆ, ಕಲಿಸಿದ ಪುಣ್ಯಾತ್ಗಿತ್ತಿ ನೀನೇ. ನಾಲ್ಕು ವರ್ಷದ ಮಗು ಕಾರಿನಲ್ಲಿ ಸೀಟಿನ ಬೆಲ್ಟು ಬಿಚ್ಚುತ್ತದೆಂದು ಅಜ್ಜಿ ಮೇಲೆ ಆಣೆ, ತಾತನ ಮೇಲೆ ಆಣೆ ಎಂದು ಹಾಕಿಸುತ್ತಿದ್ದೆಯಲ್ಲ! ಅವಳು ಒಳಗೆ ಹೋಗಿ, ನನಗೆ ಹೊಲಿಗೆ ಬರುತ್ತದೆ, ನಾನೇ ಹೊಲಿದುಕೊಂಡೆ, ನಿಯಮ ಗೊತ್ತಿತ್ತು ಎಂದು ಹೇಳಿ ರುಜು ಹಾಕಿ ಬಂದಳು.

ಎರಡು ಗಂಟೆಯ ಮೇಲೆ ಎರಡನೆಯ ಹಾಳೆ ಅಂಟಿಸಿದರು. ನಾಲ್ಕನೆಯವನು ಮೂರನೆಯವನಾಗಿದ್ದ. ನಮ್ಮವಳ ಹೆಸರನ್ನು ಹುಡುಕುತ್ತಾ ಕೆಳಗೆ ಬಂದೆ, ಬಂದೆ, ಸುಟ್ಟುಹೋದ ಕಾರಿನವನ ಹೆಸರಿಗಿಂತಲೂ ಕೆಳಗೆ, ಕಟ್ಟಕಡೆಯಲ್ಲಿತ್ತು, ಎದುರಿಗೆ ಸ್ಥಾನದ ಅಂಕಿ ಇರಲಿಲ್ಲ. ಅವಳೇ ಬಟ್ಟಲು ತೆಗೆದುಕೊಂಡು ಹೋಗಿ ಆ ನಾಲ್ಕನೆಯವನ ಕೈಗೆ ಕೊಟ್ಟು, ಬೆನ್ನು ತಟ್ಟಿ ಬಂದಳು. ಮನೆಗೆ ಬಂದ ಮೇಲೆ ವಿಜಯಾ ಬಾಯಿ ಬಿಟ್ಟಳು. ನಮ್ಮ ಮಗಳ ಬಾಯಿ ನಿನಗೆ ಗೊತ್ತಲ್ಲ, ನಿನ್ನದೇ. "ಮೂರು ತಿಂಗಳು ತಾತನ ಹತ್ರ ಮಿಷನ್ ತುಳಿಯೋದು ಕಲಿತುಬಿಟ್ರೆ ಟೈಲರ್ ಆಗೋದ್ಯಾ? ಅಷ್ಟು ದೊಡ್ಡ ಟೈಲರ್ ಮನೇಲೇ ಕೂತಿದಾರಲ್ಲ, ಅಪ್ಪನ್ನ ಒಂದ್ಮಾತು ಕೇಳಿದ್ರೆ ಬೇಡಮ್ಮ ಅಂತಿದ್ರಲ್ವಾ?" ಗೌರಾ, ಆ ಮಾತು ಕೇಳಿಕೊಂಡು ನಾನು ಅಲ್ಲೇ ಕೂತು ಕಾಫಿ ಕುಡಿದೆ. ಜಯಂತ ಒಂದು ಸಲ ಮೂಲೆಯ ಮಿಷನ್ನಿನ ಕಡೆ ನೋಡಿದ, ಒಂದು ಸಲ ನನ್ನ ಕಡೆ ನೋಡಿದ, ಎದ್ದು ತಟ್ಟೆ ತೊಳೆಯಲು ಹೋದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಆ ಮಗು.

ಹೋದ ಸ್ಥಾನ ಹೋಯಿತು, ಅದಕ್ಕೆ ಅಪೀಲಿಲ್ಲ. ಉಳಿದದ್ದು ಲೈಸೆನ್ಸು. ಸೆಪ್ಟೆಂಬರ್ ಎರಡನೆಯ ತಾರೀಖು ಸಮಿತಿ ಕೂರುತ್ತದೆ. ಗೊತ್ತಿದ್ದೂ ಸೂಟು ತಿದ್ದಿದರೆ ಒಂದು ವರ್ಷ ಲೈಸೆನ್ಸ್ ರದ್ದು. ಮನೆಯವರು ಯಾರೋ ತಿಳಿಯದೆ ಮಾಡಿದ್ದು, ಅವಳಿಗೆ ಕೊನೇ ಗಳಿಗೆಯಲ್ಲಿ ಗೊತ್ತಾದದ್ದು ಎಂದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರಂತೆ, ಉಳಿದ ಮೂರು ರೇಸು ಓಡಿಸಬಹುದು. ಇದನ್ನು ಕೆಂಪುಗಡ್ಡನೇ ನಿನ್ನೆ ಮನೆಗೆ ಬಂದು ಹೇಳಿಹೋದ. ಅವನು ಒಳ್ಳೆಯವನು, ಪಾಪ, ಇನ್ನೂ ಒಂದು ಸಲ ಮೊದಲ ಮೂವರಲ್ಲಿ ಬಂದರೆ ನನ್ನ ಮಾತು ಮಾತೇ ಎಂದ. ಒಂದು ವರ್ಷ ರದ್ದಾದರೆ ಮಾತ್ರ ಆ ಕಾರು ಬೇರೆಯವರಿಗೆ ಹೋಗುತ್ತದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಜಾಹ್ನವಿ ತಲೆ ತಗ್ಗಿಸಿ ಉಗುರು ಕೆರೆಯುತ್ತಾ ಕೂತಿದ್ದಳು. ಹದಿನಾರರಿಂದ ಇಪ್ಪತ್ತೊಂದರವರೆಗೆ ಅವಳು ಬೇರೆ ಯಾವುದಕ್ಕೂ ಆಸೆಪಟ್ಟಿದ್ದನ್ನು ನಾನು ನೋಡಿಲ್ಲ. ನಾನು ಬಾಯಿ ತೆರೆದರೆ ಅರ್ಧ ನಿಮಿಷದ ಕೆಲಸ. ತೆರೆಯಲಿಲ್ಲ.

ಅವನು ಹೋದ ಮೇಲೆ ಅವಳ ಕೋಣೆಗೆ ಹೋದೆ. ಆಣೆ ವಾಪಸು ತಗೋ ತಾಯಿ, ನಿನ್ನ ಕಾಲಿಗೆ ಬೀಳುತ್ತೇನೆ ಎಂದೆ. "ತಾತ, ಪ್ಲೀಸ್. ನೀನು ಮಾಡಿದ್ದು ತಪ್ಪಲ್ಲ, ನಾನು ಹಾಕ್ಕೊಂಡಿದ್ದು ತಪ್ಪು" ಎಂದು ಕಿವಿಗೆ ಹಾಡಿನ ಯಂತ್ರ ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿದಳು. ಆಣೆ ಮುರಿದರೆ ಏನು ಮಹಾ ಎಂದು ನೀನು ಕೇಳುತ್ತೀಯ. ದೇವರ ಮೇಲಿನ ಆಣೆಯಾದರೆ ಮುರಿದೇನು, ಅವನು ದೊಡ್ಡವನು, ನಾಲ್ಕು ಕಾಯಿ ಒಡೆಸಿಕೊಂಡು ಕ್ಷಮಿಸುತ್ತಾನೆ. ಮಗುವಿನ ತಲೆ ಮೇಲೆ ಕೈಯಿಟ್ಟ ಆಣೆ! ನಾನು ಹೇಳಿದರೆ ಅವಳಿಗೆ ಕಾರು ಸಿಗುತ್ತದೆ, ಮುರಿದ ಆಣೆಯನ್ನು ತಲೆ ಮೇಲೆ ಹೊತ್ತುಕೊಂಡು ಅವಳು ಆ ಕಾರಿನಲ್ಲೇ ಕೂರುತ್ತಾಳೆ. ಹಳದಿ ಕಾರು ಹತ್ತಿಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೇಳದಿದ್ದರೆ ಅವಳ ಬಾಳು ಅಲ್ಲೇ ನಿಲ್ಲುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಕೂತಿದ್ದೇನೆ. ನಿನಗೆ ಬರೆದದ್ದೂ ಆಣೆ ಮುರಿದಂತೆಯೇ ಎಂದು ಒಂದು ದಿನ ಪೂರ್ತಿ ಯೋಚಿಸಿದೆ. ಆಮೇಲೆ, ಐವತ್ತು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದೇವೆ, ಗೌರಾಗೆ ಹೇಳಿದರೆ ನನಗೆ ನಾನೇ ಹೇಳಿಕೊಂಡಂತೆ, ಹೊರಗಿನವರಿಗೆ ಹೇಳಿದಂತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸರಿಯೋ ತಪ್ಪೋ ನೀನೇ ಹೇಳಬೇಕು. ನೀನಿದ್ದಿದ್ದರೆ ಆ ಶನಿವಾರ ನನ್ನ ಕೈ ಮೇಲೆ ಒಂದು ಬಾರಿಸಿ ಸೂಟು ಕಿತ್ತುಕೊಳ್ಳುತ್ತಿದ್ದೆ.

ಜಾನಕಿಗೆ ಬೇಗ ಎದ್ದು ಓಡಾಡುವಂತಾಗಲಿ ಎಂದು ಹೇಳಿದೆನೆನ್ನು. ಅವಳ ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನಿನ್ನ ಮಂಡಿಗೆ ಎಣ್ಣೆ ಹಚ್ಚಲು ಅಲ್ಲಿ ಯಾರಿಗಾದರೂ ಹೇಳು, ಬಗ್ಗಿ ನೀನೇ ಹಚ್ಚಿಕೊಳ್ಳಬೇಡ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ, ನೀನು ಚೆನ್ನಾಗಿದ್ದರೆ ಉಳಿದವರ ವಿಷಯ ನೀನೇ ನೋಡಿಕೊಳ್ಳುತ್ತೀಯ.

ಇಂತು ನಿನ್ನ,
ನೀಲಕಂಠಪ್ಪ

ಮತ್ತೆ ಬರೆದದ್ದು: ಕಲ್ಮೇಶನ ಕಾರು ಬಾಗಿಲಿಗೆ ಬಂದಿದೆ, ಅವನು ಪೆಟ್ಟಿಗೆ ಜೋಡಿಸುವಷ್ಟರಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಆಣೆಯ ಬಗ್ಗೆ ಮೇಲೆ ಬರೆದದ್ದು ಅರ್ಧ ಸತ್ಯ. ನಿನ್ನೆ ಕೆಂಪುಗಡ್ಡ ಒಂದು ವರ್ಷ ಅವಳು ಕಾರು ಹತ್ತುವ ಹಾಗಿಲ್ಲ ಎಂದಾಗ ನನ್ನ ಎದೆ ಹಗುರವಾಯಿತು, ಗೌರಾ. ಅವಳು ಅಲ್ಲೇ ಎದುರಿಗೆ ಕಣ್ಣೀರು ತಡೆದುಕೊಂಡು ಕೂತಿದ್ದಳು, ನನಗೆ ಮಾತ್ರ ಸದ್ಯ, ಬದುಕಿದಳು ಅನ್ನಿಸಿತು. ನಾನು ಬಾಯಿ ಮುಚ್ಚಿಕೊಂಡಿರುವುದು ಅದಕ್ಕೆ. ಆಣೆ ನನಗೊಂದು ನೆಪ ಸಿಕ್ಕಿದೆ ಅಷ್ಟೇ. ಅವಳು ನನ್ನನ್ನು ಉಳಿಸಲು ಸುಳ್ಳು ಹೇಳಿದಳು, ನಾನು ಆ ಸುಳ್ಳಿನಿಂದಲೇ ಅವಳ ಕಾರು ಕಿತ್ತುಕೊಳ್ಳುತ್ತಿದ್ದೇನೆ. ಇದನ್ನು ಓದಿದ ಕೂಡಲೇ ನೇರ ಅವಳಿಗೇ ಫೋನ್ ಮಾಡು, ವಿಜಯಾಳ ಫೋನಿಗಲ್ಲ. ನಿನ್ನ ಮಾತು ಒಂದನ್ನೇ ಅವಳು ಕೇಳುವುದು. ಆಣೆ ವಾಪಸು ತೆಗೆಸು, ಆಮೇಲೆ ವಿಜಯಾಗೂ ಜಯಂತನಿಗೂ ನೀನೇ ಹೇಳಿಬಿಡು. ನಡೆದದ್ದೆಲ್ಲ ಬರೆದು ರುಜು ಹಾಕಿದ ಹಾಳೆ ಮಿಷನ್ನಿನ ಡ್ರಾಯರಿನಲ್ಲಿದೆ, ಜಯಂತ ಇಂಗ್ಲಿಷಿಗೆ ಮಾಡಿ ಎರಡನೆಯ ತಾರೀಖಿನೊಳಗೆ ಕೊಡಲಿ. ನಡುವೆ ನಾನು ಫೋನ್ ಮಾಡಿ, ಬೇಡ ಗೌರಾ, ಕಾಗದ ಹರಿದುಬಿಡು, ಅವಳು ಮನೆಯಲ್ಲೇ ಇರಲಿ ಎಂದರೆ ನನ್ನ ಮಾತು ಕೇಳಬೇಡ. ಅತ್ತರೂ ಕೇಳಬೇಡ. ನಾನು ಹಾಗೆ ಹೇಳೇ ಹೇಳುತ್ತೇನೆ.